ಸಾಹೇಬರ ತಲೆ ಕಂಡರೆ ಮಾತ್ರ

ಆ ದಿನ ಏನೇನು ಆಗಬಹುದಿತ್ತು ಎಂಬುದರ ಪಟ್ಟಿ ಈಗಲೂ ನನಗೆ ಬಾಯಿಪಾಠವಿದೆ. ಜೀಪು ಹಳ್ಳದ ನಟ್ಟನಡುವೆ ಕೆಮ್ಮಿ ನಿಂತುಬಿಡಬಹುದಿತ್ತು. ಮೇಲಿನ ಕಾಡಿನಿಂದ ತೇಲಿ ಬಂದ ಮರದ ಬೊಡ್ಡೆ ಬಾಗಿಲಿಗೆ ಗುದ್ದಬಹುದಿತ್ತು. ವಿಡಿಯೋ ಮಾಡುವ ಉಮೇದಿಯಲ್ಲಿ ಹಿಂದಿನ ಸೀಟಿನವರು ಯಾರಾದರೂ ಅರ್ಧ ಹೊರಗೆ ಜೋತುಬಿದ್ದು, ಉಳಿದರ್ಧವೂ ಹೊರಗೆ ಹೋಗಬಹುದಿತ್ತು. ದಾಟಿದ ಮೇಲೆ ನೀರು ಏರಿ ಎಲ್ಲರೂ ಆಚೆಯೇ ಸಿಕ್ಕಿಕೊಳ್ಳಬಹುದಿತ್ತು. ಆಚೆ ಮೊಬೈಲಿಗೆ ಸಿಗ್ನಲ್ ಇಲ್ಲ, ಮಳೆಗೆ ನಿಲ್ಲಲು ಒಂದು ಸೂರಿಲ್ಲ. ಹಾವು ಕಚ್ಚಬಹುದಿತ್ತು. ಜಿಗಣೆಗಳಂತೂ ಸೈಯೇ. ಅರವತ್ತು ದಾಟಿದ ಡ್ರೈವರು ಸ್ಟೇರಿಂಗ್ ಹಿಡಿದಲ್ಲೇ ಎದೆ ಹಿಡಿದುಕೊಳ್ಳಬಹುದಿತ್ತು. ಮರುದಿನದ ಪೇಪರಿನಲ್ಲಿ ‘ಐವರು’ ಎಂದು ಶುರುವಾಗುವ ಸುದ್ದಿ ಬರಬಹುದಿತ್ತು. ಅದರ ಕೊನೆಯ ಪ್ಯಾರಾದಲ್ಲಿ ನನ್ನ ಹೆಸರು, ಅದೂ ತಪ್ಪು ಇನಿಷಿಯಲ್ಲಿನೊಂದಿಗೆ.

ಇದ್ಯಾವುದೂ ಆಗಲಿಲ್ಲ. ಹೋದವರೆಲ್ಲ ನಗುನಗುತ್ತ ತಿರುಗಿ ಬಂದರು, ಐದಕ್ಕೆ ಐದು ಸ್ಟಾರ್ ಕೊಟ್ಟರು. ಆದರೂ ಅವತ್ತೊಂದು ಕೆಟ್ಟದ್ದು ಆಯಿತು. ಬಹಳ ಸಣ್ಣದು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಆ ಜೀಪು ಓಡಿಸಿದವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಬರೆದರೆ ಅವರ ಮನೆಯವರು ಏನಂದುಕೊಂಡಾರು ಎಂಬ ಹೊಸ ಚಿಂತೆ ಶುರುವಾಗುತ್ತದೆ. ಗುಂಜಿ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿದು ‘ಜೀಪಿನ ಮಾಮಾ’ ಎಂದರೆ ಸಾಕಿತ್ತು, ಯಾರಾದರೂ ಕೈ ತೋರಿಸುತ್ತಿದ್ದರು. ನಾನೂ ಮಾಮಾ ಎನ್ನುತ್ತಿದ್ದೆ. ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ವಾಣಿಜ್ಯದ ಪ್ರಾಧ್ಯಾಪಕ ಎಂದು ಎರಡು ಸಲ ಹೇಳಿ ನೋಡಿದೆ. ‘ಅದ ಅಲ್ರೀ, ಮಾಸ್ತರ್ಕಿ’ ಎಂದುಬಿಟ್ಟರು.

ಎಮ್ಮೆ ಸಾಕುವ ಮನೆತನ ಅವರದು. ಖಾನಾಪುರದ ಕಾಡಂಚಿನಲ್ಲಿ ಅಜ್ಜನ ಕಾಲದಿಂದ ಹಾಲು, ಬೆಣ್ಣೆ, ಸಗಣಿ. ಇವರು ನಡುವಯಸ್ಸಿನಲ್ಲಿ ಒಂದು ಹಳೆಯ ಜೀಪು ತಂದು, ಮಳೆ ನೋಡಲು ಬರುವ ಪೇಟೆಯ ಜನರನ್ನು ಊರ ಹಿಂದಿನ ಹಳ್ಳ ದಾಟಿಸಿ ಆಚೆಯ ಎತ್ತರದ ಹುಲ್ಲು ಮಾಳಕ್ಕೆ ಒಯ್ಯತೊಡಗಿದರು. ಆ ಮಾಳದ ಮೇಲೆ ನಿಂತರೆ ಎದುರಿನ ಗುಡ್ಡದಿಂದ ಏಳು ಕಡೆ ನೀರು ಇಳಿಯುವುದು ಕಾಣುತ್ತದೆ, ಮೋಡ ಪುರಸೊತ್ತು ಕೊಟ್ಟರೆ. ಕೊಡದಿದ್ದರೆ ಮೋಡವೇ ಕಾಣುತ್ತದೆ. ‘ಅದೂ ಛಲೋನ ಐತಿ ನೋಡ್ರಿ’ ಎನ್ನುತ್ತಿದ್ದರು ಮಾಮಾ.

ಹಳ್ಳದ ನಡುವೆ, ಜೀಪು ದಾಟುವ ಜಾಗದ ಎಡಕ್ಕೆ, ತುಸು ಆಳದಲ್ಲಿ, ಒಂದು ಕರಿ ಕಲ್ಲು ಇತ್ತು. ಕೂತ ಮನುಷ್ಯನಷ್ಟು ಎತ್ತರ, ಮೇಲೆ ಬೋಳು ತಲೆಯ ಹಾಗೆ ನುಣುಪು. ಮಾಮಾನ ತಂದೆ ಎಮ್ಮೆಗಳನ್ನು ಆಚೆ ಮೇಯಲು ಬಿಡುವ ಮೊದಲು ಆ ಕಲ್ಲನ್ನು ನೋಡುತ್ತಿದ್ದರಂತೆ. ತಲೆ ಕಂಡರೆ ಎಮ್ಮೆ ದಾಟಿಸುವುದು. ಕಾಣದಿದ್ದರೆ ಆ ದಿನ ಹಟ್ಟಿಯಲ್ಲೇ ಹುಲ್ಲು. ಎಮ್ಮೆಗೆ ಈಜು ಬರುತ್ತದಲ್ಲ ಎಂದು ನಾನು ಜಾಣತನ ತೋರಿಸಿದ್ದಕ್ಕೆ, ‘ಎಮ್ಮಿಗೆ ಬರತೈತ್ರಿ. ನಮ್ಮಪ್ಪಗ ಬರ್ತಿದ್ದಿಲ್ಲ’ ಎಂದಿದ್ದರು.

ಜೀಪು ಬಂದ ಮೇಲೂ ಕಾಯ್ದೆ ಅದೇ. ಮಾಮಾ ಆ ಕಲ್ಲನ್ನು ‘ಸಾಹೇಬ್ರು’ ಎನ್ನುತ್ತಿದ್ದರು. ಮಳೆಗಾಲದ ಪ್ರತಿ ಬೆಳಿಗ್ಗೆ ಮೊದಲು ಹಳ್ಳಕ್ಕೆ ಹೋಗಿ ಸಾಹೇಬರನ್ನು ನೋಡಿ ಬರುವುದು, ಆಮೇಲೆ ಚಹಾ, ಆಮೇಲೆ ಧಂದೆ. ಜನರನ್ನು ಕೂರಿಸಿಕೊಂಡು ದಾಟುವಾಗ ಹಳ್ಳದ ಅಂಚಿಗೆ ಜೀಪು ನಿಲ್ಲಿಸಿ, ಸ್ಟೇರಿಂಗಿನಿಂದ ಎಡಗೈಯ ಎರಡು ಬೆರಳು ಎತ್ತಿ ಕಲ್ಲಿನ ಕಡೆ ತಿರುಗಿ, ‘ರಾಮ್ ರಾಮ್ ಸಾಹೇಬ್ರ’ ಎನ್ನುವರು. ಆಮೇಲಷ್ಟೇ ಗೇರು. ಬಂದವರಿಗೆ ಅದೊಂದು ತಮಾಷೆ. ಕೆಲವರು ತಾವೂ ಎರಡು ಬೆರಳು ಎತ್ತುತ್ತಿದ್ದರು. ಮಾಮಾ ನಗುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡಿದ್ದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ. ನನ್ನ ಹೆಗಲ ಚೀಲದಲ್ಲಿ ಹಗ್ಗ, ಸೀಟಿ, ಜಿಗಣೆಗೆ ಉಪ್ಪು, ಮೂರು ಬಗೆಯ ಗುಳಿಗೆ, ಇನ್ನೊಂದು ಜೊತೆ ಕನ್ನಡಕ, ಎಲ್ಲ ವಿದ್ಯಾರ್ಥಿಗಳ ಮನೆಯ ಫೋನ್ ನಂಬರಿನ ಎರಡು ಪ್ರತಿ ಇದ್ದವು. ಎರಡನೆಯದು ಮೊದಲನೆಯದು ಒದ್ದೆಯಾದರೆ ಎಂದು. ಮಾಮಾ ಚೀಲವನ್ನು ಒಂದು ಕೈಯಿಂದ ಎತ್ತಿ ತೂಕ ನೋಡಿದರು.

‘ಮಾಸ್ತರ್ರ, ಮನ್ಯಾಗ ಜಗಳಾ ಮಾಡ್ಕೊಂಡ ಬಂದೀರೇನ್ರಿ?’

ಹುಡುಗರೆಲ್ಲ ನಕ್ಕರು. ಅವತ್ತು ಸಾಹೇಬರ ತಲೆ ಕಾಣುತ್ತಿರಲಿಲ್ಲ. ಮಾಮಾ ‘ಇಲ್ಲ’ ಎನ್ನಲಿಲ್ಲ. ಅವರು ಎಂದೂ ಇಲ್ಲ ಎಂದವರಲ್ಲ. ಅಂಗೈಯನ್ನು ತೊಡೆಗೆ ಒರೆಸಿಕೊಂಡು, ‘ನಾಳಿ ನೋಡೂಣು’ ಎಂದರು. ನಾಳೆ ನಮಗೆ ಕಾಲೇಜಿದೆ ಎಂದು ಒಬ್ಬ ಹುಡುಗಿ ಅಂದಾಗ, ‘ಹಂಗಾರ ಮುಂದಿನ ವರ್ಷದ ನಾಳಿ’ ಎಂದರು. ಆ ದಿನವೆಲ್ಲ ನಮ್ಮನ್ನು ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿಕೊಂಡರು. ಅವರ ಹೆಂಡತಿ, ನಾವೆಲ್ಲ ಮಾಮಿ ಎನ್ನುವವರು, ನಾಚಣಿ ಭಕ್ರಿ, ಅಂದರೆ ರಾಗಿ ರೊಟ್ಟಿ, ಬಡಿದು ಹಾಕಿದರು. ಹುಡುಗರು ಎಮ್ಮೆ ಹಾಲು ಕರೆಯಲು ಹೋಗಿ ಒದೆಸಿಕೊಂಡರು. ಆ ವರ್ಷದ ಅತ್ಯುತ್ತಮ ಪ್ರವಾಸ ಅದೇ ಎಂದು ಎಲ್ಲರೂ ವರದಿಯಲ್ಲಿ ಬರೆದರು.

ನನಗಂತೂ ಅವರ ಮೇಲೆ ಹೊಟ್ಟೆಕಿಚ್ಚೇ ಆಯಿತು. ನನ್ನ ಹೆದರಿಕೆಗಳು ನೂರು, ಒಂದಕ್ಕೂ ನೆಲೆಯಿಲ್ಲ. ರಾತ್ರಿ ಗ್ಯಾಸ್ ಬಂದ್ ಮಾಡಿದೆನೇ ಎಂಬಲ್ಲಿಂದ ಹಿಡಿದು ಭೂಕಂಪದವರೆಗೆ ಎಲ್ಲ ಒಂದೇ ಎತ್ತರದವು. ಅವರ ಹೆದರಿಕೆ ಒಂದೇ ಒಂದು. ಅದಕ್ಕೊಂದು ಜಾಗವಿತ್ತು, ಬೆಳಿಗ್ಗೆ ಹೋಗಿ ನೋಡಿ ಬರಬಹುದಿತ್ತು. ನೋಡಿ ಬಂದ ಮೇಲೆ ದಿನವೆಲ್ಲ ನಿಶ್ಚಿಂತರಾಗಿರುತ್ತಿದ್ದರು.

ಒಮ್ಮೆ ಬೆಳಗಾವಿಯ ದೊಡ್ಡ ಅಧಿಕಾರಿಯೊಬ್ಬರು ಸಂಸಾರ ಸಮೇತ ಬಂದಿದ್ದರು. ನಾಳೆ ನೋಡೋಣ ಎಂದದ್ದಕ್ಕೆ ಅವರಿಗೆ ಸಿಟ್ಟು ನೆತ್ತಿಗೇರಿತು.

‘ನಾ ಯಾರಂತ ಗೊತ್ತೈತೇನು ನಿನಗ?’

‘ನನಗ ಗೊತ್ತೈತ್ರಿ ಸರ. ನೀರಿಗೆ ಗೊತ್ತಿಲ್ಲ.’

ಅಧಿಕಾರಿ ಬಾಗಿಲು ಬಡಿದುಕೊಂಡು ಹೋದವರು ಮರುವರ್ಷ ತಾವಾಗಿಯೇ ಫೋನ್ ಮಾಡಿ, ‘ಇವತ್ತ ನಿಮ್ಮ ಸಾಹೇಬ್ರು ಏನಂತಾರಪಾ?’ ಎಂದು ಕೇಳಿದರಂತೆ. ಮಾಮಾ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ಸೊಕ್ಕು ಕಾಣುತ್ತಿತ್ತು. ಅವರ ಬದುಕಿನ ಸಂಪಾದನೆ ಅದೇ ಇತ್ತು: ಅವರು ‘ನಾಳೆ’ ಎಂದರೆ ಜನ ಕೇಳುತ್ತಿದ್ದರು.

ಈಗ ನನ್ನ ಕಥೆ. ಬೆಳಗಾವಿಯ ಪ್ರವಾಸೋದ್ಯಮ ಬೆಳೆಸಬೇಕು ಎಂದು ಊರಿನ ಹೋಟೆಲಿನವರು, ಟ್ಯಾಕ್ಸಿಯವರು, ಒಂದಿಬ್ಬರು ಡಾಕ್ಟರು ಸೇರಿ ಒಂದು ಸಮಿತಿ ಮಾಡಿಕೊಂಡರು. ಸಮಿತಿ ಎಂದ ಮೇಲೆ ಭಾಷಣ ಮಾಡಲು ಒಬ್ಬ ಪ್ರಾಧ್ಯಾಪಕ ಬೇಕಲ್ಲ. ನಮ್ಮ ದುಃಖ ಬಹಳ ಹಳೆಯದು: ಸಾಂಬ್ರಾದಲ್ಲಿ ವಿಮಾನ ಇಳಿದವರು ಊರಿನ ಕಡೆ ಮುಖ ಕೂಡ ಮಾಡದೆ ಸೀದಾ ಗೋವಾಕ್ಕೆ ಹೋಗುತ್ತಾರೆ. ಪುಣೆಯಿಂದ ಕಾರಿನಲ್ಲಿ ಬರುವವರು ನಮ್ಮೂರಲ್ಲಿ ನಿಲ್ಲುವುದು ಎರಡೇ ಕೆಲಸಕ್ಕೆ. ಒಂದು ಕುಂದಾ ಕಟ್ಟಿಸಿಕೊಳ್ಳಲು, ಇನ್ನೊಂದನ್ನು ಸಭ್ಯರು ಹೇಳುವುದಿಲ್ಲ. ಅವರನ್ನು ಒಂದು ರಾತ್ರಿ ನಿಲ್ಲಿಸಿಕೊಂಡರೆ ಊರು ಉದ್ಧಾರವಾಗುತ್ತದೆ ಎಂದು ನಾನು ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದೆ. ಕೊನೆಯ ಚಿತ್ರದಲ್ಲಿ ಒಂದೇ ವಾಕ್ಯ: ‘ಹೊಸ ವ್ಯವಹಾರಕ್ಕೆ ಒಗ್ಗಿಕೊಂಡವರು ಉಳಿಯುತ್ತಾರೆ.’ ನಾನೇ ಬರೆದದ್ದು. ಚಪ್ಪಾಳೆ ಬಂತು.

ಹೊಸ ವ್ಯವಹಾರ ಆಗಲೇ ಬಂದಿತ್ತು. ಯಾವುದೋ ಊರಿನ ಕಂಪನಿಯೊಂದು ಆ್ಯಪ್ ತೆರೆದು, ಖಾನಾಪುರದ ಕಡೆಯ ಜೀಪು, ಮನೆ, ಊಟ ಎಲ್ಲವನ್ನೂ ಅದರಲ್ಲಿ ಸೇರಿಸುತ್ತಿತ್ತು. ಸುಳ್ಳು ಏಕೆ ಹೇಳಲಿ, ಜನ ಬಂದರು. ಪಾಳುಬಿದ್ದ ಕೋಣೆಗಳಿಗೆ ಸುಣ್ಣ ಬಿತ್ತು. ಪೀರನವಾಡಿಯ ನನ್ನ ಮನೆಯ ಮುಂದೆ ಶನಿವಾರ ಬೆಳಿಗ್ಗೆ ಖಾನಾಪುರದ ಕಡೆ ಹೋಗುವ ಕಾರುಗಳ ಸಾಲು ನೋಡಿ, ನಾನೇ ತಂದೆನೋ ಎಂಬ ಹಾಗೆ ಹೆಂಡತಿಗೆ ತೋರಿಸುತ್ತಿದ್ದೆ. ಆದರೆ ಗುಂಜಿ ಸ್ಟೇಶನ್ನಿನಲ್ಲಿ ಇಳಿದು ಮಾಮಾನನ್ನು ಕೇಳುವವರು ಕಡಿಮೆಯಾದರು. ಎಲ್ಲರೂ ಫೋನಿನಲ್ಲೇ ಜೀಪು ಕಾಯ್ದಿರಿಸಿಕೊಂಡು ಬರುತ್ತಿದ್ದರು. ಮಾಮಾ ಇನ್ನು ಉಳಿಯುವುದಿಲ್ಲ ಎಂದು ನನಗೆ ಚಿಂತೆ ಹತ್ತಿತು. ಚಿಂತೆ ಹತ್ತಿದರೆ ನಾನು ಏನಾದರೂ ಮಾಡುತ್ತೇನೆ. ಸುಮ್ಮನಿದ್ದರೆ ಎಷ್ಟೋ ಜನ ಸುಖವಾಗಿರುತ್ತಿದ್ದರು.

ಅವರ ಪಡಸಾಲೆಯಲ್ಲಿ ಕೂತು ಆ್ಯಪಿಗೆ ನಾನೇ ಅವರ ಹೆಸರು ಸೇರಿಸಿದೆ. ಫೋಟೋ ತೆಗೆಯಲು ನಗಿರಿ ಎಂದೆ. ‘ಯಾಕ್ರಿ, ಲಗ್ನಕ್ಕ ಕಳಸಾವ್ರೇನು?’ ಎಂದು ಮಾಮಿ ಒಳಗಿನಿಂದ ಕೇಳಿದರು. ಕಾಯ್ದಿರಿಸುವ ಸಂದೇಶ ಬಂದಾಗ ಫೋನು ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುತ್ತಿತ್ತು. ಕೊಟ್ಟಿಗೆಯ ಎಮ್ಮೆಗಳು ಕಿವಿ ಎತ್ತುತ್ತಿದ್ದವು.

‘ಒಪ್ಪಿದ್ರ ಈ ಹಸಿರ ಗುಂಡಿ ಒತ್ತರಿ, ಇಲ್ಲಂದ್ರ ಕೆಂಪು’ ಎಂದೆ.

ಮಾಮಾ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ನಾಳಿ ಅನ್ನೂ ಗುಂಡಿ ಎಲ್ಲೈತ್ರಿ?’

ಇರಲಿಲ್ಲ. ಅದೇ ಮೊದಲ ಮಳೆಗಾಲದಲ್ಲಿ ಗೊತ್ತಾಯಿತು, ಕೆಂಪು ಗುಂಡಿ ಒತ್ತಿದವರನ್ನು ಆ್ಯಪು ಒತ್ತುತ್ತದೆ ಎಂದು. ಸಾಹೇಬರ ತಲೆ ಮುಳುಗಿದ ದಿನ ಮಾಮಾ ಕೆಂಪು ಒತ್ತುವರು. ಅವರ ಹೆಸರು ಪಟ್ಟಿಯಲ್ಲಿ ಕೆಳಗೆ ಇಳಿಯುವುದು. ಮತ್ತೊಮ್ಮೆ ಒತ್ತುವರು; ಇನ್ನೂ ಕೆಳಗೆ. ಬೈಲಹೊಂಗಲದ ಕಡೆಯಿಂದ ಬಂದಿದ್ದ ಒಬ್ಬರು, ಹಳ್ಳದ ಅಂಚಿನಿಂದ ತಿರುಗಿಸಿ ಕಳಿಸಿದ್ದಕ್ಕೆ, ‘ಡ್ರೈವರಿಗೆ ಧೈರ್ಯವಿಲ್ಲ’ ಎಂದು ಬರೆದು ಒಂದು ಸ್ಟಾರ್ ಕೊಟ್ಟರು. ನಾನು ಅದನ್ನು ಓದಿ ಹೇಳಿದೆ.

‘ಖರೇನ ಐತಲ್ಲ, ಮಾಸ್ತರ್ರ’ ಎಂದರು ಮಾಮಾ. ‘ಧೈರ್ಯಾ ಇದ್ದಿದ್ರ ನಮ್ಮಪ್ಪ ಯಾವಾಗೋ ಹಳ್ಳದಾಗ ಹೋಗತಿದ್ದ. ನಾ ಹುಟ್ಟತಿದ್ದಿಲ್ಲ.’

ಆ ಜುಲೈನಲ್ಲಿ ಸಮಿತಿಯವರು ಪ್ರವಾಸದ ವಿಡಿಯೋ ಮಾಡುವ ನಾಲ್ವರನ್ನು ದೂರದಿಂದ ಕರೆಸಿದರು. ಅವರ ವಿಡಿಯೋ ನೋಡಿ ಜನ ಬರುತ್ತಾರೆ ಎಂಬ ಲೆಕ್ಕ. ಆ್ಯಪಿನ ಮೂಲಕವೇ ಒಬ್ಬ ಸ್ಥಳೀಯನ ಜೀಪು ಹಿಡಿಯಬೇಕು, ಹಳೆಯ ಮನುಷ್ಯ ಹೊಸ ವ್ಯವಹಾರಕ್ಕೆ ಒಗ್ಗಿಕೊಂಡದ್ದು ಜಗತ್ತಿಗೆ ಕಾಣಬೇಕು ಎಂದು ನಾನೇ ಸೂಚಿಸಿದ್ದೆ. ಮಾಮಾನ ಜೀಪೇ ನಿಗದಿಯಾಯಿತು. ಅವರು ಹಳ್ಳ ದಾಟುವ ಮರುದಿನವೇ ಸಮಿತಿಯ ಸಭೆ. ಅಲ್ಲಿ ನಾನು ಆ ವಿಡಿಯೋವನ್ನೇ ತೋರಿಸುವವನಿದ್ದೆ. ಆ ವಾರ ಎರಡು ಸಲ ಕೆಂಪು ಗುಂಡಿ ಒತ್ತಾಗಿತ್ತು. ಇನ್ನೊಂದು ಸಲ ಒತ್ತಿದರೆ ನಿಮ್ಮ ಖಾತೆ ಬಂದ್ ಎಂದು ಕಂಪನಿಯ ಸಂದೇಶವೂ ಬಂದಿತ್ತು.

ಬೆಳಿಗ್ಗೆ ಮಾಮಾ ಫೋನ್ ಮಾಡಿದರು. ಹಿಂದೆ ತಗಡಿನ ಮೇಲೆ ಮಳೆ ಬೀಳುವ ಸದ್ದು.

‘ಮಾಸ್ತರ್ರ, ಸಾಹೇಬ್ರ ತಲಿ ಕಾಣವಲ್ದು.’

ಇಷ್ಟು ಕೇಳಿದ ಮೇಲೆ ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ನಾನು ಅವರಿಂದಲೇ ಕಲಿತಿದ್ದೆ. ನಾಳೆ ನೋಡೋಣ ಮಾಮಾ ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ನಾನು ಕೇಳಿದೆ:

‘ಎಷ್ಟ ಮುಳಗೇತ್ರಿ?’

‘ಒಂದ್ ಗೇಣ ಇದ್ದೀತು.’

‘ಗೇಣ ಏರಿದ ನೀರಿಗೆ ಜೀಪ್ ದಾಟೂದಿಲ್ಲೇನ್ರಿ?’

‘ಜೀಪ್ ದಾಟತೈತ್ರಿ’ ಎಂದರು. ‘ಮಾತು ಅದಲ್ಲ.’

ಮಾತು ಅದಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಸಭೆ, ಪರದೆ, ಮುಂದಿನ ಸಾಲಿನಲ್ಲಿ ಕೂರುವ ಹೋಟೆಲಿನವರು ಎಲ್ಲ ಕಣ್ಣ ಮುಂದೆ ಬಂದರು. ಇಷ್ಟಕ್ಕೂ ಅವರ ಒಳ್ಳೆಯದಕ್ಕೇ, ಖಾತೆ ಉಳಿಯಲಿ ಎಂದೇ, ಎಂದು ನನಗೆ ನಾನೇ ಹೇಳಿಕೊಂಡೆ. ನೂರು ವಿಷಯಕ್ಕೆ ಹೆದರುವವನು ಅವತ್ತು ನೂರೊಂದನೆಯದಕ್ಕೆ ಹೆದರಿದೆ: ಸಭೆಯಲ್ಲಿ ತೋರಿಸಲು ಏನೂ ಇಲ್ಲದೆ ಹೋದರೆ?

‘ಇದೊಂದ ಸಲ, ಮಾಮಾ. ನನ್ನ ಸಲುವಾಗಿ.’



‘ನೀವ ಅಂತೀರಂದ್ರ… ಆತ್ ತಗೋರಿ.’

ಆಮೇಲೆ ನಾನು ಪೀರನವಾಡಿಯಲ್ಲಿ ಕೂತು ಮೊದಲಿಗೆ ಹೇಳಿದ ಪಟ್ಟಿಯನ್ನೆಲ್ಲ ಅನುಭವಿಸಿದೆ. ಮೂರು ಸಲ ಹೊರಟು ಮೂರು ಸಲ ಚಪ್ಪಲಿ ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತವನು ತಾಟಿನ ಮುಂದೆಯೂ ಫೋನನ್ನೇ ನೋಡುತ್ತಿದ್ದೆ. ‘ಹಿಂಗ ಸಂಕಟ ಪಡಾವ್ರು ಬ್ಯಾಡ ಅನಬೇಕಿತ್ತು’ ಎಂದು ಹೆಂಡತಿ ತಾಟು ಎತ್ತಿಕೊಂಡು ಹೋದಳು. ನಾಲ್ಕು ಗಂಟೆಗೆ ಆ ನಾಲ್ವರು ಹೆಬ್ಬೆರಳು ಎತ್ತಿದ ಫೋಟೋ ಕಳಿಸಿದರು. ಸುತ್ತ ಹಸಿರು, ಎಲ್ಲರೂ ಒದ್ದೆ, ಎಲ್ಲರೂ ಇದ್ದರು. ಮಾಮಾ ಫೋಟೋದಲ್ಲಿ ಇರಲಿಲ್ಲ.

ಸಭೆ ಅದ್ಭುತವಾಗಿ ಆಯಿತು. ಜೀಪು ನೀರು ಸೀಳಿ ದಾಟುವ ವಿಡಿಯೋ ತೋರಿಸಿದಾಗ ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು.

ಆ ಭಾನುವಾರ ನಾನು ಆ ನಾಲ್ವರು ಆ್ಯಪಿನಲ್ಲಿ ಬರೆದ ಐದು ಸ್ಟಾರಿನ ಬರಹವನ್ನು ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿಕೊಂಡು ಮಾಮಾನ ಮನೆಗೆ ಹೋದೆ. ಜೀಪಿನ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದರು. ಗಿರಾಕಿ ನೋಡಿ ಹೋಗಿದ್ದಾನೆ, ಬುಧವಾರ ಒಯ್ಯುತ್ತಾನೆ ಎಂದು ಮಾಮಿ ಚಹಾ ಕೊಡುತ್ತ ಹೇಳಿದರು. ಮಾಮಾ ಚೌಕಟ್ಟನ್ನು ಕೈಗೆ ತೆಗೆದುಕೊಂಡರು.

‘ಯಾವ ದಿನದ್ರಿ ಇದು?’

‘ಅವತ್ತಿಂದು.’

‘ಹಂಗಾರ ನಿಮ್ಮ ಕಡೇನ ಇರ್ಲಿ.’

ಜೀಪು ಯಾಕೆ ಮಾರುತ್ತೀರಿ, ಏನೂ ಆಗಲಿಲ್ಲವಲ್ಲ ಎಂದೆ. ಅವರು ಅಂಗೈ ತೊಡೆಗೆ ಒರೆಸಿಕೊಂಡರು.

‘ಏನೂ ಆಗಲಿಲ್ರಿ, ಅದ ತೊಂದ್ರಿ. ನಮ್ಮಪ್ಪನ ಕಡೆ ಒಂದ ಎಮ್ಮಿ ಇತ್ತು. ಛಲೋ ಹಾಲ ಕೊಡತಿತ್ತು. ಒಂದಿನ ಸಾಹೇಬ್ರ ತಲಿ ಕಾಣದಾಗ ಕಣ್ಣ ತಪ್ಪಿಸಿ ದಾಟಿ ಹೋತು. ಸಂಜಿಗೆ ಆರಾಮ ತಿರಿಗಿ ಬಂತು. ಮರದಿವಸ ನಮ್ಮಪ್ಪ ಅದನ್ನ ಖಾನಾಪುರ ಸಂತ್ಯಾಗ ಮಾರಿ ಬಂದ. ನಮ್ಮವ್ವ ಅತ್ತಳು. ಅದು ಮುಳಗಿದ್ರ ಚಿಂತಿ ಇರ್ತಿದ್ದಿಲ್ಲ ಅಂದಾ ನಮ್ಮಪ್ಪ. ದಾಟಿ ಬಂತಲ್ಲ, ಇನ್ನ ಉಳದಾವೂ ಅದರ ಬೆನ್ನ ಹತ್ತತಾವು.’

ನಾನು ಚೌಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಆಮೇಲೆ ಆದದ್ದು ಅಕ್ಷರಶಃ ಹಾಗೆಯೇ. ಆ ವಿಡಿಯೋ ಊರೂರು ಸುತ್ತಿತು. ಮುಂದಿನ ಮಳೆಗಾಲಕ್ಕೆ ‘ತುಂಬಿದ ಹಳ್ಳ ದಾಟುವ ಸಾಹಸ’ ಎಂದೇ ಆ್ಯಪಿನಲ್ಲಿ ಬೇರೆ ಟಿಕೀಟು ಶುರುವಾಯಿತು. ಹೊಸ ಜೀಪುಗಳು ಸಾಲು ಹಚ್ಚಿದವು. ಯಾರಿಗೂ ಕಲ್ಲು ನೋಡುವ ಗರಜು ಇರಲಿಲ್ಲ. ಮಾಮಾನಂಥ ಮಾಮಾನೇ ದಾಟಿದ್ದಾನಲ್ಲ ಎನ್ನುತ್ತಿದ್ದರು. ಎರಡು ಜೀಪು ಒಟ್ಟಿಗೆ ಇಳಿಯಲು ಜಾಗ ಸಾಲದು ಎಂದು ಬೇಸಿಗೆಯಲ್ಲಿ ಯಾರೋ ಜೆಸಿಬಿ ತರಿಸಿ ಕಲ್ಲನ್ನು ಕಿತ್ತು ದಂಡೆಗೆ ಉರುಳಿಸಿದರು. ಮಾಮಾ ಫೋನ್ ಮಾಡಿ ಹೇಳಿದರು:

‘ಮಾಸ್ತರ್ರ, ನಮ್ಮ ಸಾಹೇಬ್ರ ಬದ್ಲಿ ಆತ್ರಿ.’

ವರ್ಗವಾಯಿತು ಎಂದರು, ನಕ್ಕರು. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ಜೀಪು ದಾಟಿದರೂ ಇನ್ನೂ ಯಾರಿಗೂ ಏನೂ ಆಗಿಲ್ಲ. ಪ್ರತಿ ಮಳೆಗೆ ನಾನು ಪೇಪರನ್ನು ಹಿಂದಿನ ಪುಟದ ಅಪಘಾತದ ಸುದ್ದಿಗಳಿಂದ ಓದುತ್ತೇನೆ. ಅಂದಹಾಗೆ, ನಮ್ಮ ಸಮಿತಿಯ ಗುರಿ ಈಡೇರಿತು. ಜನ ಈಗ ಒಂದು ರಾತ್ರಿ ನಿಲ್ಲುತ್ತಾರೆ.

ಹೋದ ತಿಂಗಳು ಮಾಮಾ ಮಲಗಿದಲ್ಲೇ ಹೋದರು. ನಾನು ಹೋದಾಗ ಮಾಮಿ ಕಂಬಕ್ಕೆ ಒರಗಿ ಕೂತಿದ್ದರು. ಏನೋ ಕೇಳಬೇಕಲ್ಲ ಎಂದು, ಮಾಮಾಗೆ ನನ್ನ ಮೇಲೆ ಸಿಟ್ಟಿತ್ತೇ ಎಂದು ಕೇಳಿಬಿಟ್ಟೆ. ಇಂಥ ಪ್ರಶ್ನೆಗೆ ಜನ ಇಲ್ಲ ಎನ್ನುತ್ತಾರೆ, ಅದನ್ನು ಕೇಳಲೆಂದೇ ನಾವು ಕೇಳುತ್ತೇವೆ.

‘ಇತ್ರಿ’ ಎಂದರು ಮಾಮಿ. ‘ಭಾಳ ಇತ್ತು. ಹೇಳಿದ್ರ ಮಾಸ್ತರಗ ನಿದ್ದಿ ಹತ್ತೂದಿಲ್ಲ, ಮೊದ್ಲ ಅಂಜುಬುರಕ ಅದಾನ ಅಂತ ಸುಮ್ಮಿದ್ರು.’

ಮನೆಗೆ ಬಂದು ಆ ವಿಡಿಯೋ ತೆಗೆದೆ. ಸಭೆಯಲ್ಲಿ ನಾಲ್ಕು ಸಲ ತೋರಿಸಿದ್ದರೂ ಅದನ್ನು ನಾನು ನೋಡಿರಲಿಲ್ಲ. ನೋಡುತ್ತಿದ್ದವರ ಮುಖ ನೋಡುತ್ತಿದ್ದೆ. ಜೀಪು ಹಳ್ಳದ ಅಂಚಿಗೆ ಬರುತ್ತದೆ. ನಿಲ್ಲುವುದಿಲ್ಲ. ಹಿಂದಿನಿಂದ ಹುಡುಗಿಯೊಬ್ಬಳು ಹೋ ಎಂದು ಕೂಗುತ್ತಾಳೆ. ಎಂಜಿನ್ನು ಕೆಮ್ಮುವುದಿಲ್ಲ, ಮರದ ಬೊಡ್ಡೆ ಬರುವುದಿಲ್ಲ, ಯಾರೂ ಜಾರುವುದಿಲ್ಲ, ಮಾಮಾ ಎದೆ ಹಿಡಿದುಕೊಳ್ಳುವುದಿಲ್ಲ. ಎಡಕ್ಕೆ, ಕಲ್ಲು ಇರಬೇಕಾದ ಜಾಗದಲ್ಲಿ ನೀರು ಸಣ್ಣಗೆ ಸುತ್ತಿಕೊಂಡು ಹೋಗುತ್ತಿದೆ. ಅವರ ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇವೆ, ಎರಡು ಬೆರಳು ಏಳುವುದಿಲ್ಲ. ಮುಖ ಬಲಕ್ಕೆ ತಿರುಗಿದೆ.